ಹನಿಗಾಡಿ: ಮನೆಯಲ್ಲೇ ಕಟ್ಟಿದ ಒಂದು ಪುಟ್ಟ ಟ್ರೇಲರ್‌ನ ಮಾತು

(ಮರಗೆಲಸದಲ್ಲಿ ಆಸಕ್ತಿ ಇರುವವರ ಒಂದು ಕೂಟದಲ್ಲಿ ಆಡಿದ ಮಾತಿದು. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ರಾತ್ರಿಯ ವಿಷಯದಿಂದ ಶುರು ಮಾಡುತ್ತೇನೆ. ಗಾಡಿ ಕಟ್ಟಿ ಮುಗಿಸಿ, ಮೊದಲ ಸಲ ಅದರೊಳಗೆ ಮಳೆಯಲ್ಲಿ ಮಲಗಿದ್ದೆವು, ನಾನು, ನನ್ನ ಹೆಂಡತಿ. ತಲೆಯ ಮೇಲೆ ಎರಡು ಅಡಿ ದೂರದಲ್ಲಿ ತಗಡಿನ ಚಾವಣಿ. ಅದರ ಮೇಲೆ ಮಳೆಯ ಸದ್ದು. ಒಳಗೆ ಬೆಚ್ಚಗೆ. ಹತ್ತು ತಿಂಗಳ ಕೆಲಸ ಸಾರ್ಥಕ ಆಯ್ತು ಅನ್ನಿಸಿತ್ತು. ರಾತ್ರಿ ಎರಡು ಗಂಟೆ ಇರಬೇಕು, ಪಾದದ ಮೇಲೆ ತಣ್ಣಗೆ ಏನೋ ಬಿತ್ತು. ಎದ್ದು ಟಾರ್ಚ್ ಹಾಕಿದೆ. ಒಳಚಾವಣಿಯ ಹಲಗೆ ಹಿಂಗೋಡೆಗೆ ಕೂಡುವ ಸಂದಿನಲ್ಲಿ ಒಂದು ಹನಿ ಕೂತಿತ್ತು. ಸಾಸಿವೆಯಷ್ಟು ಇದ್ದದ್ದು ನೋಡುತ್ತಾ ನೋಡುತ್ತಾ ಕಡಲೆಯಷ್ಟಾಯಿತು, ಸ್ವಲ್ಪ ನಡುಗಿತು, ಬಿತ್ತು. ಅದೇ ಜಾಗದಲ್ಲಿ ಮತ್ತೆ ಸಾಸಿವೆಯಷ್ಟು.

ಆ ಹನಿ ಎಲ್ಲಿಂದ ಬಂತು ಅಂತ ಹುಡುಕೋಕೆ ನನಗೆ ಮೂರು ವಾರ ಹಿಡಿಯಿತು. ಈ ಗಾಡಿ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧದಷ್ಟನ್ನು ಆ ಮೂರು ವಾರದಲ್ಲೇ ಕಲಿತೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಟಿಯರ್‌ಡ್ರಾಪ್ ಟ್ರೇಲರ್ ಅನ್ನುತ್ತಾರೆ. ಪಕ್ಕದಿಂದ ನೋಡಿದರೆ ಕಣ್ಣೀರ ಹನಿಯ ಆಕಾರ. ಮುಂದೆ ದುಂಡಗೆ, ಹಿಂದೆ ಇಳಿಜಾರು. ನಾನು ಹನಿಗಾಡಿ ಅಂತ ಕರೆಯುತ್ತೇನೆ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಅಷ್ಟೇ. ನಿಲ್ಲೋಕೆ ಆಗಲ್ಲ, ಕೂರಬಹುದು. ಅಡುಗೆ ಕಟ್ಟೆ ಹಿಂದುಗಡೆ ಇದೆ, ಹೊರಗಿನಿಂದ. ಹಿಂಬದಿಯ ದೊಡ್ಡ ಮುಚ್ಚಳ ಮೇಲಕ್ಕೆತ್ತಿದರೆ ಅದೇ ತಲೆಯ ಮೇಲೆ ಸೂರಾಗುತ್ತದೆ. ಅದರ ಕೆಳಗೆ ನಿಂತು ಅಡುಗೆ ಮಾಡಬಹುದು. ಆ ಮುಚ್ಚಳಕ್ಕೆ ಹ್ಯಾಚ್ ಅನ್ನುತ್ತಾರೆ.

ಅಮೆರಿಕದಲ್ಲಿ 1930ರ ದಶಕದಲ್ಲಿ ಇಂಥ ಗಾಡಿಗಳು ಜನರ ಮಧ್ಯೆ ಹಬ್ಬಿದವು. ಕೈಯಲ್ಲಿ ಕಾಸಿಲ್ಲದ ಕಾಲ. ಸಣ್ಣ ಕಾರು ಎಳೆಯುವಂಥದ್ದು, ಮನೆಯ ಹಿತ್ತಲಲ್ಲಿ ಕಟ್ಟಬಹುದಾದದ್ದು ಬೇಕಿತ್ತು. ಎರಡನೇ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಅಲ್ಯೂಮಿನಿಯಂ ತಗಡು ಮತ್ತೆ ಸಾಮಾನ್ಯರ ಕೈಗೆ ಸಿಗತೊಡಗಿತು. 1947ರಲ್ಲಿ ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚು ಹಾಕಿತು. ಅದನ್ನು ನೋಡಿಕೊಂಡು ಕಟ್ಟಿದವರು ಬಹಳ ಜನ. 1960ರ ದಶಕದ ಹೊತ್ತಿಗೆ ಕಾರುಗಳು ದೊಡ್ಡವಾದವು, ಜನ ದೊಡ್ಡ ಟ್ರೇಲರ್ ಕಡೆ ಹೋದರು, ಇದು ಮರೆಯಾಯಿತು. ಇಂಟರ್ನೆಟ್ ಬಂದ ಮೇಲೆ ಹಳೇ ನಕ್ಷೆಗಳು ಕೈಯಿಂದ ಕೈಗೆ ಓಡಾಡಿ ಮತ್ತೆ ಜೀವ ಬಂತು. ಅಂದ ಹಾಗೆ, ನಿಜವಾದ ಮಳೆಹನಿ ಈ ಆಕಾರದಲ್ಲಿ ಇರೋದೇ ಇಲ್ಲ. ಸಣ್ಣ ಹನಿ ಗುಂಡಗಿರುತ್ತದೆ, ದೊಡ್ಡದು ಬೀಳುವಾಗ ಕೆಳಗೆ ಚಪ್ಪಟೆಯಾಗುತ್ತದೆ. ಆದರೂ ಗಾಳಿಯನ್ನು ಸೀಳಿಕೊಂಡು ಹೋಗೋಕೆ ಮುಂದೆ ದುಂಡು, ಹಿಂದೆ ಸಣ್ಣಗಾಗುವ ಆಕಾರ ಒಳ್ಳೆಯದು ಅನ್ನೋದು ನಿಜ.

ಅಳತೆಯ ಗುಟ್ಟು ಪ್ಲೈವುಡ್ ಹಾಳೆಯಲ್ಲಿದೆ. ಹಾಳೆ 8 ಅಡಿ ಉದ್ದ, 4 ಅಡಿ ಅಗಲ ಬರುತ್ತದೆ. ಹಳೇ ನಕ್ಷೆಗಳ ಗಾಡಿ ಕೂಡ 8 ಅಡಿ ಉದ್ದ, 4 ಅಡಿ ಎತ್ತರ, 4 ಅಡಿ ಅಗಲ. ಒಂದು ಪಕ್ಕಕ್ಕೆ ಒಂದು ಹಾಳೆ, ನೆಲಕ್ಕೆ ಒಂದು ಹಾಳೆ. ಕತ್ತರಿಸಿದರೆ ವೇಸ್ಟ್ ಆಗೋದೂ ಕಡಿಮೆ. ನಾನು ಅಗಲ ಮಾತ್ರ 5 ಅಡಿ ಮಾಡಿದೆ. 4 ಅಡಿಯಲ್ಲಿ ಇಬ್ಬರು ಮಲಗಬಹುದು, ಆದರೆ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರ ಆಗುತ್ತದೆ. ಇದನ್ನು ಕಾಗದದ ಮೇಲೆ ತೀರ್ಮಾನ ಮಾಡಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿಯ ಅಳತೆ ಬರೆಯಿರಿ. ಅದರೊಳಗೆ ಹಾಸಿಗೆ ಹಾಕಿ, ಇಬ್ಬರೂ ಒಂದು ರಾತ್ರಿ ಮಲಗಿ. ನಾವು ಹಾಗೆ ಮಾಡಿದ ಮೇಲೇ ಒಂದಡಿ ಜಾಸ್ತಿ ಮಾಡಿದ್ದು. ಎತ್ತರ ನೋಡೋಕೆ ಗೋಡೆಯ ಮೇಲೆ ಪಕ್ಕದ ಆಕಾರವನ್ನು ಪೂರ್ತಿ ಅಳತೆಯಲ್ಲಿ ಬರೆದು, ಅದರ ಮುಂದೆ ಕೂತು ನೋಡಿದ್ದೆವು. ತಲೆ ಎಲ್ಲಿ ತಾಗುತ್ತದೆ ಅಂತ ತಕ್ಷಣ ಗೊತ್ತಾಯಿತು.

ಬಾಗಿದ ಗೆರೆ ಎಳೆಯೋಕೆ ಕಂಪ್ಯೂಟರ್ ಬೇಕಿಲ್ಲ. ಗಂಟಿಲ್ಲದ, ತೆಳ್ಳಗಿನ ಒಂದು ರೀಪರ್ ಪಟ್ಟಿ ತಗೊಳ್ಳಿ. ನಾಲ್ಕೈದು ಮೊಳೆ ಹೊಡೆದು ಅದನ್ನು ಬಗ್ಗಿಸಿ ಹಿಡಿಸಿ. ಮರ ತಾನಾಗಿ ಬಗ್ಗುವ ಗೆರೆಯಲ್ಲಿ ಒಂದು ಚೆಲುವಿದೆ. ಎಲ್ಲೂ ಡೊಂಕು ಕಾಣಲ್ಲ. ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ. ಎಲ್ಲಾದರೂ ಕಣ್ಣು ತಡೆದರೆ ಅಲ್ಲಿಯ ಮೊಳೆ ಸರಿಸಿ. ಆ ಗೆರೆಯಂತೆ ತೆಳು ಹಲಗೆಯಲ್ಲಿ ಒಂದು ಅಚ್ಚು ಕತ್ತರಿಸಿ, ಅದರ ಅಂಚನ್ನು ಕೈಯಲ್ಲೇ ಉಜ್ಜಿ ನಯ ಮಾಡಿ. ಆಮೇಲೆ ಎರಡೂ ಪಕ್ಕದ ಹಾಳೆಯನ್ನು ಅದೇ ಅಚ್ಚಿನಿಂದ ರೂಟರ್ (ಅಚ್ಚಿನ ಅಂಚು ಹಿಡಿದು ಮರ ಕೊರೆಯುವ ಯಂತ್ರ) ಹಾಕಿ ಕತ್ತರಿಸಿ. ಎರಡು ಪಕ್ಕ ಕೂದಲೆಳೆಯಷ್ಟೂ ಬೇರೆ ಆಗಬಾರದು. ಬೇರೆ ಆದರೆ ಚಾವಣಿ ತಿರುಚಿಕೊಳ್ಳುತ್ತದೆ, ಹ್ಯಾಚ್ ಕೂರೋದೇ ಇಲ್ಲ.

ಈಗ ತೂಕದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದರಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ.

ಎತ್ತಿನ ಗಾಡಿಗೆ ಮೂಕಿ ಅಂತ ಇರುತ್ತದಲ್ಲ, ನೊಗಕ್ಕೆ ಕಟ್ಟುವ ಉದ್ದನೆ ಮರ. ಗಾಡಿಯಲ್ಲಿ ಹಿಂದೆ ಭಾರ ಜಾಸ್ತಿ ಆದರೆ ಮೂಕಿ ಮೇಲಕ್ಕೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂದೆ ಜಾಸ್ತಿ ಆದರೆ ಎತ್ತು ಕುತ್ತಿಗೆ ತಗ್ಗಿಸುತ್ತದೆ. ಟ್ರೇಲರ್‌ನಲ್ಲೂ ಇದೇ ಲೆಕ್ಕ. ಕಾರಿಗೆ ಸಿಕ್ಕಿಸುವ ಮುಂದಿನ ಉಕ್ಕಿನ ತೋಳಿಗೆ ನಾನು ಮೂಕಿ ಅಂತಲೇ ಹೇಳುತ್ತೇನೆ. ಆ ಮೂಕಿಯ ತುದಿ, ಕಾರಿನ ಹಿಂದೆ ಗಾಡಿ ಸಿಕ್ಕಿಸೋಕೆ ಇರುವ ಉಕ್ಕಿನ ಚೆಂಡಿನ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನೋದು ಮುಖ್ಯ. ಸಾಮಾನ್ಯವಾಗಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು ಅನ್ನುತ್ತಾರೆ. ಕಾರು ತಡೆಯುವ ಮಿತಿ ಬೇರೆ ಇರುತ್ತದೆ, ಅದನ್ನು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಭಾರ ತೀರಾ ಕಡಿಮೆ ಆದರೆ ವೇಗ ಏರಿದಾಗ ಗಾಡಿ ಬಾಲದ ಹಾಗೆ ಅಲ್ಲಾಡತೊಡಗುತ್ತದೆ. ಒಂದು ಸಲ ಅಲ್ಲಾಟ ಬೆಳೆದರೆ ಅದು ಕಾರನ್ನೇ ಎಳೆದಾಡುತ್ತದೆ.

ನನ್ನ ಗಾಡಿಯ ಲೆಕ್ಕವನ್ನೇ ನೋಡಿ. ಒಟ್ಟು 400 ಕಿಲೋ. ಮೂಕಿಯ ತುದಿಯಿಂದ ಆಕ್ಸಲ್‌ಗೆ, ಅಂದರೆ ಎರಡು ಚಕ್ರ ಕೂಡಿಸುವ ಅಚ್ಚಿಗೆ, 3 ಮೀಟರ್. ಮೂಕಿಯ ಭಾರ 48 ಕಿಲೋ, ಅಂದರೆ ನೂರಕ್ಕೆ 12. ಸರಿಯಾಗಿದೆ. ಈಗ 20 ಲೀಟರ್ ನೀರಿನ ಕ್ಯಾನ್ ಒಂದನ್ನು ಹಿಂದೆ ಅಡುಗೆ ಕಟ್ಟೆಯಲ್ಲಿ, ಆಕ್ಸಲ್‌ನಿಂದ 1 ಮೀಟರ್ ಹಿಂದಕ್ಕೆ ಇಟ್ಟೆ ಅನ್ನಿ. 20 ಕಿಲೋ ಗುಣಿಸು 1 ಮೀಟರ್, ಭಾಗಿಸು 3. ಮೂಕಿಯ ಭಾರದಲ್ಲಿ ಸುಮಾರು 6.7 ಕಿಲೋ ಕಡಿಮೆ ಆಯಿತು. ಉಳಿದದ್ದು 41.3. ಒಟ್ಟು ತೂಕ 420ಕ್ಕೆ ಏರಿದೆ. ನೂರಕ್ಕೆ 9.8. ನೋಡಿ, ಒಂದೇ ಒಂದು ಕ್ಯಾನ್ ನೀರು ಗಾಡಿಯನ್ನು ಗೆರೆಯಿಂದ ಕೆಳಗೆ ಇಳಿಸಿಬಿಟ್ಟಿತು. ಅದೇ ಕ್ಯಾನನ್ನು ಮುಂದಿನ ಪೆಟ್ಟಿಗೆಯಲ್ಲಿ, ಆಕ್ಸಲ್‌ನಿಂದ ಒಂದೂವರೆ ಮೀಟರ್ ಮುಂದೆ ಇಟ್ಟರೆ ಮೂಕಿಗೆ 10 ಕಿಲೋ ಸೇರುತ್ತದೆ, ನೂರಕ್ಕೆ 13.8 ಆಗುತ್ತದೆ.

ಹನಿಗಾಡಿಯಲ್ಲಿ ಈ ಸಮಸ್ಯೆ ಹುಟ್ಟಿನಿಂದಲೇ ಬರುತ್ತದೆ. ಯಾಕಂದರೆ ಒಲೆ, ಪಾತ್ರೆ, ನೀರು, ಐಸ್ ಪೆಟ್ಟಿಗೆ ಎಲ್ಲಾ ಹಿಂದೆ. ಮುಂದೆ ಇರೋದು ಬರೀ ತಲೆದಿಂಬು. ಅದಕ್ಕೇ ಆಕ್ಸಲ್ ಅನ್ನು ಗಾಡಿಯ ನಟ್ಟನಡುವೆ ಹಾಕದೆ ಸ್ವಲ್ಪ ಹಿಂದಕ್ಕೆ ಹಾಕುತ್ತಾರೆ. ಎಷ್ಟು ಹಿಂದಕ್ಕೆ? ಪ್ರತಿ ವಸ್ತುವಿನ ತೂಕ, ಅದು ಮೂಕಿಯ ತುದಿಯಿಂದ ಎಷ್ಟು ದೂರ, ಎರಡನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಲೆಕ್ಕ ಹಾಕಿ. ಹಾಸಿಗೆ, ಬ್ಯಾಟರಿ, ಬಾಗಿಲು, ಹಿಂಜು, ಯಾವುದನ್ನೂ ಬಿಡಬೇಡಿ. 18 ಮಿಲಿಮೀಟರ್ ಬರ್ಚ್ ಪ್ಲೈ ಹಾಳೆ ಒಂದೇ ಸುಮಾರು 36 ಕಿಲೋ ತೂಗುತ್ತದೆ. ನಾನು ಆಕ್ಸಲ್ ಅನ್ನು ಪೂರ್ತಿ ವೆಲ್ಡ್ ಮಾಡಿಸದೆ ಬೋಲ್ಟ್ ಹಾಕಿ ಹಿಡಿಸಿಕೊಂಡಿದ್ದೆ, ಎರಡೂ ಕಡೆ ಹೆಚ್ಚಿನ ತೂತು ಬಿಟ್ಟು. ಗಾಡಿ ಮುಗಿದ ಮೇಲೆ ತೂಗಿ ನೋಡಿ, ಒಂದು ತೂತಿನಷ್ಟು ಹಿಂದೆ ಸರಿಸಿದೆ. ಆ ಹೆಚ್ಚಿನ ತೂತುಗಳು ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಅತಿ ಬುದ್ಧಿವಂತ ಕೆಲಸ.

ತೂಗೋದು ಸುಲಭ. ಮನೆಯಲ್ಲಿ ಮನುಷ್ಯರು ತೂಕ ನೋಡುವ ಸ್ಕೇಲ್ ಇರುತ್ತದಲ್ಲ, ಅದರ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂಕಿಯ ತುದಿ ಇಡಿ. ಗಾಡಿ ಸಮ ಮಟ್ಟದಲ್ಲಿರಬೇಕು, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟಿರಬೇಕು. ಪ್ರಯಾಣಕ್ಕೆ ತುಂಬಿಸುವ ಸಾಮಾನನ್ನೆಲ್ಲಾ ತುಂಬಿಸಿಯೇ ತೂಗಿ. ಖಾಲಿ ಗಾಡಿಯ ತೂಕ ನೋಡಿಕೊಂಡು ಹೊರಡಬೇಡಿ.

ಒಂದು ವೇಳೆ ದಾರಿಯಲ್ಲಿ ಗಾಡಿ ಅಲ್ಲಾಡತೊಡಗಿದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ ಇಳಿದಂತೆ ಅಲ್ಲಾಟವೂ ಇಳಿಯುತ್ತದೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ, ಸಾಮಾನು ಮುಂದಕ್ಕೆ ಸರಿಸಿ.

ಮೂಕಿಯ ಉದ್ದದ ಬಗ್ಗೆ ಒಂದು ಮಾತು. ಗಿಡ್ಡ ಮೂಕಿ ನೋಡೋಕೆ ಚೆನ್ನಾಗಿರುತ್ತದೆ, ಆದರೆ ರಿವರ್ಸ್ ಹೋಗುವಾಗ ಗಾಡಿ ಕ್ಷಣದಲ್ಲಿ ಮಡಚಿಕೊಳ್ಳುತ್ತದೆ. ಉದ್ದ ಇದ್ದಷ್ಟೂ ನಿಧಾನವಾಗಿ ತಿರುಗುತ್ತದೆ, ಸರಿಪಡಿಸಿಕೊಳ್ಳೋಕೆ ಟೈಮ್ ಸಿಗುತ್ತದೆ. ಸುರಕ್ಷೆಗೆ ಹಾಕುವ ಎರಡು ಸರಪಳಿಯನ್ನು ಮೂಕಿಯ ಕೆಳಗೆ ಕತ್ತರಿ ಆಕಾರದಲ್ಲಿ ಅಡ್ಡಡ್ಡ ಹಾಕಬೇಕು. ಕೊಂಡಿ ಕಳಚಿದರೂ ಮೂಕಿ ಆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ, ರಸ್ತೆಗೆ ಕಚ್ಚಿಕೊಳ್ಳಲ್ಲ.

ಸರಿ, ಮೈ ಕಟ್ಟೋಕೆ ಬರೋಣ. ಪ್ಲೈವುಡ್‌ನ ಮುಖ ಗಟ್ಟಿ, ಅಂಚು ಬಾಯಾರಿದ ಹಾಗೆ ಇರುತ್ತದೆ. ಪದರ ಪದರವಾಗಿ ನಾರು ತೆರೆದುಕೊಂಡಿರುತ್ತದೆ, ನೀರು ಸಿಕ್ಕರೆ ಸ್ಪಂಜಿನ ಹಾಗೆ ಎಳೆದುಕೊಳ್ಳುತ್ತದೆ. ಕುಂಬು ಹಿಡಿಯೋದು ಯಾವಾಗಲೂ ಅಂಚಿನಿಂದಲೇ. ನಾನು ಮಾಡಿದ್ದು ಇಷ್ಟು. ಪಾಲಿಯುರೆಥೇನ್ ವಾರ್ನಿಷ್‌ಗೆ ಟರ್ಪೆಂಟೈನ್ ಜಾಸ್ತಿ ಬೆರೆಸಿ ನೀರಿನಷ್ಟು ತೆಳ್ಳಗೆ ಮಾಡಿಕೊಂಡೆ. ಬ್ರಷ್‌ನಲ್ಲಿ ಅಂಚಿಗೆ ಹಚ್ಚಿದರೆ ಕಣ್ಣೆದುರೇ ಮಾಯವಾಗುತ್ತದೆ. ಒದ್ದೆ ಹೊಳಪು ಬಂದು, ಹತ್ತು ಎಣಿಸುವಷ್ಟರಲ್ಲಿ ಮಂಕಾಗುತ್ತದೆ. ಮತ್ತೆ ಹಚ್ಚಬೇಕು. ಐದಾರು ಸಲ ಆದ ಮೇಲೆ ಒಂದು ಹಂತದಲ್ಲಿ ಹೊಳಪು ಹಾಗೇ ನಿಲ್ಲುತ್ತದೆ. ಅಂಚಿನ ಹೊಟ್ಟೆ ತುಂಬಿತು ಅಂತ ಅರ್ಥ. ಆಗ ದಪ್ಪ ವಾರ್ನಿಷ್ ಹಚ್ಚಬಹುದು. ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ಹಚ್ಚಿದರೆ ಇನ್ನೂ ಗಟ್ಟಿ. ನೆಲದ ಕೆಳಭಾಗ, ಸ್ಕ್ರೂ ತೂತುಗಳ ಒಳಗೋಡೆ, ಬಾಗಿಲಿಗೆ ಕತ್ತರಿಸಿದ ಜಾಗ, ಇವೆಲ್ಲವೂ ಅಂಚುಗಳೇ. ಜೋಡಿಸುವ ಮೊದಲೇ ಮುಗಿಸಿ, ಆಮೇಲೆ ಕೈ ಹೋಗಲ್ಲ.

ಎರಡು ಪಕ್ಕಗಳ ನಡುವೆ ಅಡ್ಡಕ್ಕೆ ರೀಪರ್ ಪಟ್ಟಿಗಳು, ಅವುಗಳ ಮಧ್ಯೆ 25 ಮಿಲಿಮೀಟರ್ ದಪ್ಪದ ಫೋಮ್ ಹಾಳೆ, ಒಳಗೂ ಹೊರಗೂ ತೆಳು ಪ್ಲೈ. ಚಾವಣಿ ಅಂದರೆ ಇಷ್ಟೇ. ಬಗ್ಗಿಸೋಕೆ 3 ಮಿಲಿಮೀಟರ್ ಹಾಳೆ ಸಾಕು. ಯಾವ ದಿಕ್ಕಿಗೆ ಸುಲಭವಾಗಿ ಬಗ್ಗುತ್ತದೆ ಅಂತ ಮೊದಲು ಕೈಯಲ್ಲೇ ಬಗ್ಗಿಸಿ ನೋಡಿ, ಮರದ ನಾರು ತಾನೇ ಹೇಳುತ್ತದೆ. ಮೂತಿಯ ಹತ್ತಿರ ಬಾಗು ಬಿಗಿ ಇರುವಲ್ಲಿ ಒದ್ದೆ ಟವೆಲ್ ಹಾಸಿ, ಬೆಲ್ಟ್ ಕಟ್ಟಿ, ದಿನಕ್ಕೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಿ. ಅವಸರ ಮಾಡಿದರೆ ಚಟ್ ಅಂತ ಸದ್ದು ಬರುತ್ತದೆ, ಹಾಳೆ ಹೋಯಿತು. ಒಳಗೆ ವೈರ್ ಎಳೆಯೋದಿದ್ದರೆ ಫೋಮ್ ಮುಚ್ಚುವ ಮೊದಲೇ ಎಳೆಯಿರಿ, ಎಲ್ಲಿ ಹೋಗಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಸ್ಕ್ರೂ ಹೊಡೆಯುವಾಗ ಆ ಫೋಟೋ ಕಾಪಾಡುತ್ತದೆ. ಬ್ಯಾಟರಿಯ ಬಳಿಯೇ ಫ್ಯೂಸ್ ಇರಲಿ. ಹಿಂದಿನ ದೀಪ ಮಂಕಾಗಿ ಮಿಣುಕಿದರೆ ಬಲ್ಬ್ ಬದಲಿಸುವ ಮೊದಲು ಅರ್ತಿಂಗ್ ನೋಡಿ, ಬಹಳ ಸಲ ತೊಂದರೆ ಅಲ್ಲೇ.

ಹೊರಗಿನ ಅಲ್ಯೂಮಿನಿಯಂ ತಗಡಿನ ಬಗ್ಗೆ ಒಂದೇ ಎಚ್ಚರಿಕೆ. ಅದು ಉಸಿರಾಡುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ತಗಡಿನಲ್ಲಿ 40 ಡಿಗ್ರಿ ವ್ಯತ್ಯಾಸ ಬಂದರೆ 8 ಅಡಿ ಹಾಳೆ ಎರಡು ಮಿಲಿಮೀಟರ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಮರ ಹಾಗೆ ಹಿಗ್ಗಲ್ಲ. ಎರಡನ್ನೂ ಪೂರ್ತಿ ಅಂಟಿಸಿದರೆ ತಗಡು ಉಬ್ಬಿ ಅಲೆ ಅಲೆಯಾಗುತ್ತದೆ. ಅದಕ್ಕೆ ತಗಡನ್ನು ಸುಮ್ನೆ ಹಾಸಿ, ಅಂಚಿನಲ್ಲಿ ಮೋಲ್ಡಿಂಗ್ ಪಟ್ಟಿಯಿಂದ ಹಿಡಿಸಿ. ಪಟ್ಟಿಯ ಕೆಳಗೆ ಬ್ಯುಟೈಲ್ ಟೇಪ್, ಅಂದರೆ ರಬ್ಬರಿನಂಥ ಅಂಟು ಪಟ್ಟಿ, ಇರಲಿ. ಅದು ವರ್ಷಗಟ್ಟಲೆ ಮೆತ್ತಗೇ ಇದ್ದು ತಗಡಿನ ಜೊತೆ ಹಿಗ್ಗಿ ಕುಗ್ಗುತ್ತದೆ. ಸಿಲಿಕೋನ್ ಬೇಡ. ಅದು ಒಂದು ಸಲ ಮೆತ್ತಿದ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯಲ್ಲ, ಬೇರೆ ಅಂಟೂ ಹಿಡಿಯಲ್ಲ.

ಈಗ ಹ್ಯಾಚ್. ಹನಿಗಾಡಿ ಕಟ್ಟಿದ ಯಾರನ್ನೇ ಕೇಳಿ, ಅತಿ ಕಷ್ಟದ್ದು ಯಾವುದು ಅಂದರೆ ಇದನ್ನೇ ಹೇಳುತ್ತಾರೆ. ಬಾಗಿದ ಮುಚ್ಚಳ, ಅಗಲ 5 ಅಡಿ, ಗಾಡಿಯ ಬಾಗಿಗೆ ಸರಿಯಾಗಿ ಕೂರಬೇಕು, ಹಗುರ ಇರಬೇಕು, ತಿರುಚಿಕೊಳ್ಳಬಾರದು, ಸೋರಬಾರದು. ಪಕ್ಕೆಲುಬಿನ ಹಾಗೆ ಬಾಗಿದ ಪಟ್ಟಿಗಳನ್ನು ಕತ್ತರಿಸಿ, ಮೇಲೆ ತೆಳು ಪ್ಲೈ ಹೊದಿಸಿ ಅಂಟು ಹಾಕುತ್ತೇವೆ. ಬಗ್ಗಿಸಿದ ಪ್ಲೈಗೆ ಮತ್ತೆ ನೇರ ಆಗುವ ಆಸೆ ಇದ್ದೇ ಇರುತ್ತದೆ. ಅಂಟು ಒಣಗಿ ಕ್ಲಾಂಪ್ ಬಿಚ್ಚಿದ ತಕ್ಷಣ ಹ್ಯಾಚ್ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಕೆಳಗಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಪಕ್ಕೆಲುಬನ್ನು ಗಾಡಿಯ ಬಾಗಿಗಿಂತ ಸ್ವಲ್ಪ ಬಿಗಿಯಾಗಿ ಕತ್ತರಿಸಿದರೆ ಬಿಚ್ಚಿಕೊಂಡ ಮೇಲೆ ಸರಿಯಾಗಿ ಬರುತ್ತದೆ. ನಾನು ಹ್ಯಾಚನ್ನು ಗಾಡಿಯ ಮೇಲೇ ಇಟ್ಟು ಕಟ್ಟಿದೆ, ಮಧ್ಯೆ ಪ್ಲಾಸ್ಟಿಕ್ ಹಾಳೆ ಹಾಕಿ. ನೆಲದ ಮೇಲೆ ಬೇರೆಯಾಗಿ ಕಟ್ಟಿ ತಂದು ಕೂರಿಸೋಕೆ ಹೋದರೆ ಕೂರೋದು ಕಷ್ಟ.

ಹ್ಯಾಚನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ (ಒಳಗೆ ಒತ್ತಿದ ಗ್ಯಾಸ್ ತುಂಬಿದ ಕೋಲು) ಮೊದಲೇ ಕೊಳ್ಳಬೇಡಿ. ಹ್ಯಾಚ್ ಮುಗಿಸಿ, ತೂಗಿ, ಆಮೇಲೆ ಕೊಳ್ಳಿ. ತುಂಬಾ ಬಲವಾದದ್ದು ಹಾಕಿದರೆ ಮುಚ್ಚಿದಾಗಲೂ ಅದು ಹಗಲೂ ರಾತ್ರಿ ಹ್ಯಾಚನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಕೆಲವು ತಿಂಗಳಲ್ಲಿ ಮುಚ್ಚಳದ ಆಕಾರವೇ ಹೋಗುತ್ತದೆ. ಮುಚ್ಚಿದಾಗ ಸ್ಟ್ರಟ್ ನೇರ ಹಿಂಜಿನ ಕಡೆಗೆ ಮುಖ ಮಾಡಿರುವ ಹಾಗೆ ಹಿಡಿಸಿದರೆ ತಳ್ಳುವ ಬಲ ಕಡಿಮೆಯಾಗುತ್ತದೆ.

ಈಗ ಆ ರಾತ್ರಿಯ ಹನಿಗೆ ಬರುತ್ತೇನೆ.

ಹ್ಯಾಚಿನ ಹಿಂಜು ಗಾಡಿಯ ಇಡೀ ಅಗಲಕ್ಕೂ ಇರುತ್ತದೆ. ಅಲ್ಯೂಮಿನಿಯಂನ ಎರಡು ಉದ್ದ ಪಟ್ಟಿ, ಒಂದರ ಕೊಕ್ಕೆಯೊಳಗೆ ಇನ್ನೊಂದು ಜಾರಿ ಕೂರುತ್ತದೆ. ಹರಿಕೇನ್ ಹಿಂಜು ಅಂತ ಹೆಸರು. ಮಳೆ ಅದರ ಮೇಲೆ ಹರಿದು ಹೋಗುವಂತೆ ಅದರ ಆಕಾರವಿದೆ. ಒಳಗೆ ಒಂದಿಷ್ಟು ನೀರು ಸೇರಿದರೂ ಅಡ್ಡಕ್ಕೆ ಹರಿದು ಎರಡು ತುದಿಯಲ್ಲಿ ಹೊರಗೆ ಬೀಳಬೇಕು. ನಾನು ಏನು ಮಾಡಿದ್ದೆ ಗೊತ್ತಾ? ತುದಿಗಳು ತೆರೆದಿವೆಯಲ್ಲ, ಅಲ್ಲಿಂದ ನೀರು ಒಳಗೆ ಬರಬಹುದು ಅಂತ ಎರಡೂ ತುದಿಗೆ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ತುಂಬಿದ್ದೆ. ಅಚ್ಚುಕಟ್ಟಾಗಿ, ಬೆರಳಲ್ಲಿ ನಯ ಮಾಡಿ.

ನೀರು ಒಳಗೆ ಬಂತು. ಹೊರಗೆ ಹೋಗೋಕೆ ದಾರಿ ಇಲ್ಲ. ಕೊಳವೆಯ ಹಾಗೆ ತುಂಬಿ ನಿಂತಿತು. ನಿಂತ ನೀರು ಬಿಡುತ್ತಾ? ಹುಡುಕಿತು. ಎಡಗಡೆಯಿಂದ ಮೂರನೇ ಸ್ಕ್ರೂವಿನ ಸುತ್ತ ಬ್ಯುಟೈಲ್ ಸರಿಯಾಗಿ ಕೂತಿರಲಿಲ್ಲ. ಅಲ್ಲಿ ಇಳಿದು, ಅಡ್ಡಪಟ್ಟಿಯ ಮೇಲೆ ಎರಡಡಿ ಬಲಕ್ಕೆ ನಡೆದು, ನನ್ನ ಪಾದದ ಮೇಲೆ ಬಿತ್ತು. ನಾನು ಮೂರು ವಾರ ಹನಿ ಬಿದ್ದ ಜಾಗದ ಮೇಲುಗಡೆಯೇ ಹುಡುಕುತ್ತಿದ್ದೆ, ಸೀಲಂಟ್ ಮೇಲೆ ಸೀಲಂಟ್ ಬಳಿಯುತ್ತಿದ್ದೆ. ಸೋರಿಕೆ ಕಾಣೋ ಜಾಗ ಬೇರೆ, ಒಳಗೆ ಬರೋ ಜಾಗ ಬೇರೆ.

ಕೊನೆಗೆ ಸಿಕ್ಕಿದ್ದು ಹೀಗೆ. ನಾನು ಒಳಗೆ ಟಾರ್ಚ್ ಹಿಡಿದು ಮಲಗಿದೆ. ಒಳಹಲಗೆ ಬಿಚ್ಚಿದ್ದೆ. ಅಡ್ಡಪಟ್ಟಿಗೆ ಉದ್ದಕ್ಕೂ ಟಿಶ್ಯೂ ಕಾಗದ ಅಂಟಿಸಿದ್ದೆ. ನನ್ನ ಹೆಂಡತಿ ಹೊರಗೆ ಪೈಪಿನಲ್ಲಿ ನೀರು ಬಿಟ್ಟಳು. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗದಲ್ಲಿ ಐದೈದು ನಿಮಿಷ, ನಿಧಾನ ಮೇಲಕ್ಕೆ. ಹಿಂಜಿನ ಹತ್ತಿರ ಬಂದು ಏಳೆಂಟು ನಿಮಿಷ ಆಗಿತ್ತು. ಎಡಗಡೆ ಕಾಗದದಲ್ಲಿ ಒಂದು ಬೂದು ಚುಕ್ಕೆ ಮೂಡಿತು. "ಸಿಕ್ತು, ನಿಲ್ಲಿಸು" ಅಂತ ಕೂಗಿದೆ. ಅವಳು "ಎಲ್ಲಿ, ಎಲ್ಲಿ" ಅನ್ನುತ್ತಾ ಪೈಪನ್ನು ಹಾಗೇ ಹಿಡಿದುಕೊಂಡು ಬಾಗಿಲಿನಿಂದ ಇಣುಕಿದಳು. ಹಾಸಿಗೆ ಪೂರ್ತಿ ನೆನೆಯಿತು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.

ಅದಕ್ಕೇ ನಾನು ಇವತ್ತು ನಿಮ್ಮ ಹತ್ತಿರ ಒತ್ತಿ ಹೇಳಬೇಕು ಅಂತ ಬಂದಿರೋದು ಒಂದೇ ವಿಷಯ. ನೀರನ್ನು ತಡೆಯೋ ಯೋಚನೆಗಿಂತ ಮೊದಲು ಅದನ್ನು ಕಳಿಸಿಕೊಡೋ ಯೋಚನೆ ಮಾಡಿ. ಪ್ರತಿ ಸಂದಿನ ಮುಂದೆ ನಿಂತು ಕೇಳಿಕೊಳ್ಳಿ, ಇಲ್ಲಿ ನೀರು ಬಂದೇ ಬಂತು ಅಂದರೆ ಎಲ್ಲಿಂದ ಹೊರಗೆ ಹೋಗುತ್ತದೆ? ಉತ್ತರ ಇಲ್ಲದಿದ್ದರೆ ಸೀಲಂಟ್ ಡಬ್ಬ ಕೆಳಗಿಟ್ಟು, ಮೊದಲು ಒಂದು ದಾರಿ ಕೊರೆಯಿರಿ.

ಮನೆಯ ಸಜ್ಜೆಯ ಅಂಚಿನ ಕೆಳಗೆ ಉದ್ದಕ್ಕೂ ಒಂದು ಗೀರು ಇರೋದು ನೋಡಿರುತ್ತೀರಿ. ನೀರು ಕೆಳಮೈ ಹಿಡಿದು ಗೋಡೆಯವರೆಗೂ ತೆವಳದೆ ಆ ಗೀರಿನ ಹತ್ತಿರ ಬಂದು ಬಿದ್ದುಬಿಡುತ್ತದೆ. ಗಾಡಿಯ ಪ್ರತಿ ಅಂಚಿನ ಕೆಳಗೂ ನಾನು ಗರಗಸದ ಬಾಯಿಯಷ್ಟು, 3 ಮಿಲಿಮೀಟರ್ ಗೀರು ಎಳೆದಿದ್ದೇನೆ. ಬಾಗಿಲ ಮೇಲೆ, ಹ್ಯಾಚಿನ ಕೆಳ ಅಂಚಿನಲ್ಲಿ. ಹ್ಯಾಚಿನ ಎರಡು ಪಕ್ಕದಲ್ಲಿ ರಬ್ಬರ್ ಒಂದನ್ನೇ ನಂಬಿಲ್ಲ. ಹೊರಗೆ ರಬ್ಬರ್, ಅದರ ಒಳಗೆ ಒಂದು ಸಣ್ಣ ಕಾಲುವೆ. ರಬ್ಬರ್ ದಾಟಿ ಬಂದ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ತೂತಿನಿಂದ ರಸ್ತೆಗೆ ಬೀಳುತ್ತದೆ. ಹಿಂಜಿನ ತುದಿಯ ಸೀಲಂಟ್ ಕೆರೆದು ತೆಗೆದೆ. ಅವತ್ತಿನಿಂದ ಮಳೆ ಬಂದಾಗ ಎರಡು ತುದಿಯಲ್ಲೂ ತೊಟಕ್ ತೊಟಕ್ ಅಂತ ನೀರು ಹೊರಗೆ ಬೀಳೋದು ಕೇಳುತ್ತದೆ. ಆ ಸದ್ದು ಕೇಳಿದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಧೂಳಿನದೂ ಇದೇ ಕಥೆ. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ ಆಗುತ್ತದೆ. ಎದ್ದ ಧೂಳು ಅಲ್ಲೇ ಸುತ್ತಿ ಹ್ಯಾಚಿನ ಸಂದಿಗೆ ನುಗ್ಗುತ್ತದೆ. ರಬ್ಬರ್ ಒಳ್ಳೆಯದು ಹಾಕಿ, ಬೀಗ ಎರಡೂ ಮೂಲೆಗೆ ಹಾಕಿ. ಮಧ್ಯೆ ಒಂದೇ ಬೀಗ ಇದ್ದರೆ ಮೂಲೆಗಳು ಬಾಯಿ ಬಿಡುತ್ತವೆ.

ಇನ್ನು ಪ್ರಶ್ನೆಗಳು.

"ಅಷ್ಟು ಚಿಕ್ಕ ಜಾಗದಲ್ಲಿ ಉಸಿರು ಕಟ್ಟಲ್ವಾ?" ಅಂತ ಒಬ್ಬರು ಕೇಳಿದರು. ಬಹಳ ಒಳ್ಳೆ ಪ್ರಶ್ನೆ. ಒಳಗಿನ ಜಾಗ ಸುಮಾರು 3 ಘನ ಮೀಟರ್ ಅಷ್ಟೇ. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರು, ಬೆವರಿನಿಂದಲೇ ಅರ್ಧ ಲೀಟರ್ ಆಸುಪಾಸು ನೀರು ಗಾಳಿಗೆ ಸೇರುತ್ತದೆ. ಬೆಳಿಗ್ಗೆ ಕಿಟಕಿ, ಗೋಡೆ ಎಲ್ಲಾ ಒದ್ದೆ. ಹೊರಗಿನ ಮಳೆಗಿಂತ ಈ ನೀರು ಮೋಸದ್ದು, ಹಾಸಿಗೆಯ ಕೆಳಗೆ ಸೇರಿ ಸದ್ದಿಲ್ಲದೆ ಬೂಷ್ಟು ಹಿಡಿಸುತ್ತದೆ. ಚಾವಣಿಯಲ್ಲಿ ಒಂದು ಫ್ಯಾನ್ ಕಿಂಡಿ, ಕೆಳಗೆ ಎಲ್ಲಾದರೂ ಗಾಳಿ ಒಳಗೆ ಬರುವ ಇನ್ನೊಂದು ಕಿಂಡಿ, ಎರಡೂ ಬೇಕು. ಚಳಿ ಅಂತ ಪೂರ್ತಿ ಮುಚ್ಚಬೇಡಿ. ಹಾಸಿಗೆಯ ಕೆಳಗೆ ಪಟ್ಟಿ ಹೊಡೆದು ಗಾಳಿಯಾಡುವ ಹಾಗೆ ಮಾಡಿ. ಒಳಗೆ ಎಂಥ ಸಂದರ್ಭದಲ್ಲೂ ಒಲೆ, ಇದ್ದಿಲು, ಗ್ಯಾಸ್ ಹೀಟರ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರನ್ನು ಎಬ್ಬಿಸಲ್ಲ. ಅದನ್ನು ಗುರುತಿಸಿ ಕೂಗುವ ಅಲಾರಂ ಒಂದು ಹಾಕಿಕೊಳ್ಳಿ. ಬಾಗಿಲು ಎರಡೂ ಪಕ್ಕಕ್ಕೆ ಇರಲಿ. ಒಂದು ಕಡೆ ತೊಂದರೆ ಆದರೆ ಇನ್ನೊಂದು ಕಡೆಯಿಂದ ಹೊರಗೆ ಬರಬೇಕಲ್ಲ.

ಒಬ್ಬ ಹುಡುಗಿ ಕೇಳಿದಳು, "ಸರ್, ನನಗೆ ಮರಗೆಲಸ ಬರುತ್ತೆ, ವೆಲ್ಡಿಂಗ್ ಬರಲ್ಲ. ಕಲಿತು ನಾನೇ ಮಾಡಬಹುದಾ?" ಕಲಿಯಮ್ಮ, ಖಂಡಿತ ಕಲಿ. ಆದರೆ ಮೊದಲ ವೆಲ್ಡಿಂಗ್ ಮೂಕಿಯ ಮೇಲೆ ಬೇಡ. ಟೇಬಲ್ ಮಾಡು, ಗೇಟ್ ಮಾಡು. ರಸ್ತೆಗೆ ಹೋಗುವ ಷಾಸಿಯನ್ನು, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟನ್ನು, ಪಳಗಿದವರಿಂದ ಮಾಡಿಸು, ಇಲ್ಲವೇ ಸಿದ್ಧವಾದದ್ದು ತಗೋ. ಅದರಲ್ಲಿ ಅವಮಾನ ಏನೂ ಇಲ್ಲ. ಟ್ರೇಲರ್ ನೋಂದಣಿ, ದೀಪ, ಬ್ರೇಕ್, ಅಗಲ ಇವುಗಳ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ನಿನ್ನ ಕಡೆಯ ನಿಯಮ ಏನು ಅಂತ ಮರ ಕತ್ತರಿಸುವ ಮೊದಲೇ ವಿಚಾರಿಸು, ಕಟ್ಟಿದ ಮೇಲಲ್ಲ.

ಹೊಸ ಗಾಡಿಯನ್ನು ಮೊದಲ ಸಲ ಎಷ್ಟು ದೂರ ಒಯ್ಯಬಹುದು ಅಂತ ಇನ್ನೊಬ್ಬರು ಕೇಳಿದರು. ಮೊದಲು ಹತ್ತಿರದಲ್ಲೇ ಎಲ್ಲಾದರೂ. ಹತ್ತು ಕಿಲೋಮೀಟರ್ ಹೋಗಿ ಇಳಿಯಿರಿ, ಚಕ್ರದ ನಡುವಿನ ಹಬ್ ಹತ್ತಿರ ಕೈ ತನ್ನಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕೇ ಆಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲ ಗ್ರೀಸ್ ಸಾಲದು. ಎರಡು ಕಡೆಯ ಹಬ್ ಹೋಲಿಸಿ ನೋಡಿ, ಒಂದು ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಬಿಡಬೇಡಿ. 50 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟು ಮತ್ತೊಮ್ಮೆ ಬಿಗಿಯಿರಿ, ಹೊಸ ಚಕ್ರದಲ್ಲಿ ಅವು ಸಡಿಲಾಗೋದುಂಟು.

ಕೊನೆಗೆ ಹಿರಿಯರೊಬ್ಬರು, ಬಹುಶಃ ಅವರೇ ಜೀವನವೆಲ್ಲಾ ಮರ ಮುಟ್ಟಿದವರು, ಕೇಳಿದರು. "ಇನ್ನೊಂದು ಕಟ್ಟಿದರೆ ಏನು ಬದಲಿಸ್ತೀರಿ?"

ಪಕ್ಕದ ಹಲಗೆ ತೆಳ್ಳಗೆ ಮಾಡುತ್ತೇನೆ ಸಾರ್, 18 ಮಿಲಿಮೀಟರ್ ಬದಲು ಒಳಗೆ ಚೌಕಟ್ಟು ಕೊಟ್ಟು ಎರಡು ತೆಳು ಹಾಳೆ. ತೂಕ ಇಳಿಯುತ್ತದೆ. ಹ್ಯಾಚಿನ ಒಳಗೆ ದೀಪವನ್ನು ಈಗಿರುವುದಕ್ಕಿಂತ ಒಂದು ಗೇಣು ಹಿಂದಕ್ಕೆ ಹಾಕುತ್ತೇನೆ, ಈಗ ನನ್ನ ನೆರಳೇ ಒಲೆಯ ಮೇಲೆ ಬೀಳುತ್ತದೆ. ಹಿಂಜಿನ ಸ್ಕ್ರೂಗಳನ್ನು ಹಾಕುವ ಮೊದಲು ಪ್ರತಿ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಸಣ್ಣ ತೂತು ಕೊರೆಯುತ್ತೇನೆ. ಆಗ ಸ್ಕ್ರೂ ಮರವನ್ನೇ ಮುಟ್ಟಲ್ಲ. ನೀರು ಇಳಿದರೂ ಅಲ್ಲಿ ಕುಡಿಯೋಕೆ ಅಂಚು ಇರಲ್ಲ.

ಅವರು ತಲೆಯಾಡಿಸಿ, "ತೂತಿನ ತಳ ಮುಚ್ಚಿರಬೇಕು, ಎಪಾಕ್ಸಿ ಆಚೆ ಸೋರಿಬಿಡುತ್ತೆ. ಹಿಂದಿನಿಂದ ಟೇಪ್ ಹಾಕಿಕೊಳ್ಳಿ" ಅಂದರು. ಅದನ್ನು ನನ್ನ ನೋಟ್‌ಬುಕ್‌ನಲ್ಲಿ ಅಲ್ಲೇ ಬರೆದುಕೊಂಡೆ.